ವಾಹನ ವಿಚಾರ: ಕಾಲು ನೆಲಕ್ಕೆ ಪೂರ್ತಿ ಎಟುಕದವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಗಾಡಿ ಎತ್ತರ, ಸವಾರರು ಗಿಡ್ಡ, ತೂಕವೋ ಇನ್ನೂರು ಕೆ.ಜಿ.ಯ ಆಸುಪಾಸು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇಡೀ ಅಂಕಣವನ್ನು ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಎತ್ತರ 5 ಅಡಿ 2 ಅಂಗುಲ, ತೂಕ 54 ಕೆ.ಜಿ. ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟವಿದೆ. ಮುಖ್ಯರಸ್ತೆಯಿಂದ ತೋಟದವರೆಗೆ ಕಲ್ಲು, ಕೊರಕಲು ತುಂಬಿದ ಮಣ್ಣುದಾರಿ. ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 450 ಬೈಕು ಕೊಳ್ಳುವ ಮನಸ್ಸಿದೆ. ಕೂತು ನೋಡಿದಾಗ ಎರಡೂ ಪಾದಗಳ ಬೆರಳ ತುದಿ ಮಾತ್ರ ನೆಲ ಮುಟ್ಟಿತು. ಮನೆಯವರು ‘ನಿನಗೆ ಅದು ಆಗುವುದಿಲ್ಲ, ಸ್ಕೂಟರ್ ತೆಗೆದುಕೋ’ ಎನ್ನುತ್ತಿದ್ದಾರೆ. ಅವರು ಹೇಳುವುದು ಸರಿಯೇ?
– ಓದುಗಿ, ಮೂಡಿಗೆರೆ

ಉತ್ತರ: ಪೂರ್ತಿ ಸರಿಯಲ್ಲ. ಆದರೆ ಅವರ ಆತಂಕಕ್ಕೆ ಕಾರಣವೇ ಇಲ್ಲವೆಂದು ಹೇಳಿ ನಿಮ್ಮನ್ನು ಮೆಚ್ಚಿಸುವುದೂ ತಪ್ಪಾಗುತ್ತದೆ. ಮೊದಲು ಅಳತೆ ನೋಡೋಣ.

ಮನುಷ್ಯರ ಒಟ್ಟು ಎತ್ತರಕ್ಕಿಂತ ಇಲ್ಲಿ ಮುಖ್ಯವಾಗುವುದು ತೊಡೆಸಂದಿಯಿಂದ ನೆಲಕ್ಕಿರುವ ಅಂತರ. ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಸೀಟಿನ ಮೇಲೆ ಕೂತಷ್ಟು ಬಿಗಿಯಾಗಿ ಮೇಲಕ್ಕೊತ್ತಿ, ಅದರ ಮೇಲಂಚಿಗೆ ಗೋಡೆಯ ಮೇಲೆ ಗೆರೆ ಎಳೆದು, ಗೆರೆಯಿಂದ ನೆಲದವರೆಗೆ ಅಳೆಯಿರಿ. ನಿಮ್ಮ ಎತ್ತರದವರಿಗೆ ಇದು ಸಾಮಾನ್ಯವಾಗಿ 71ರಿಂದ 72 ಸೆಂಟಿಮೀಟರ್ ಬರುತ್ತದೆ. ಹಿಮಾಲಯನ್ 450ರ ಸೀಟು ನೆಲದಿಂದ 825 ಮಿಲಿಮೀಟರ್ ಎತ್ತರದಲ್ಲಿದೆ. ಅದನ್ನೇ ಎತ್ತರಿಸಿ ಕೂರಿಸಿದರೆ 845 ಆಗುತ್ತದೆ, ಆದ್ದರಿಂದ ನೀವು ಕೂತು ನೋಡಿದ ಗಾಡಿಯ ಸೀಟು ಯಾವ ಸ್ಥಾನದಲ್ಲಿತ್ತು ಎಂಬುದನ್ನು ಮೊದಲು ವಿಚಾರಿಸಿ. ಕಂಪನಿಯೇ ಮಾರುವ ತಗ್ಗು ಸೀಟು ಹಾಕಿಸಿದರೆ 805ಕ್ಕೆ ಇಳಿಯುತ್ತದೆ.

805ರಲ್ಲಿ 715 ಕಳೆದರೆ 90 ಮಿಲಿಮೀಟರ್ ಕೊರತೆ ಕಾಣುತ್ತದೆ. ಆದರೆ ಇದು ಕಾಗದದ ಮೇಲಿನ ಕೊರತೆ. ಸವಾರರು ಕೂತೊಡನೆ ಸಸ್ಪೆನ್ಷನ್ ಕುಸಿಯುತ್ತದೆ. ನಿಮ್ಮಂಥ ಹಗುರ ಮೈಯವರಿಗೆ ಅದು ಕಡಿಮೆ ಕುಸಿಯುತ್ತದೆಯಾದರೂ ಹಿಂದಿನ ಶಾಕ್ ಅಬ್ಸಾರ್ಬರ್‌ನ ಸ್ಪ್ರಿಂಗ್ ಬಿಗಿತವನ್ನು ತೀರಾ ಸಡಿಲದ ಹಂತಕ್ಕೆ ತಂದರೆ 30–40 ಮಿಲಿಮೀಟರ್ ಸಿಕ್ಕೇ ಸಿಗುತ್ತದೆ. ದಪ್ಪ ಅಡಿಯ ಬೂಟಿನಿಂದ ಇನ್ನೊಂದು 25–30. ಆಗ ಬೆರಳ ತುದಿಯ ಬದಲು ಪಾದದ ಮುಂಭಾಗ, ಅಂದರೆ ಬೆರಳುಗಳ ಬುಡದ ದಪ್ಪ ಭಾಗ, ನೆಲಕ್ಕೆ ಒತ್ತಿ ನಿಲ್ಲುತ್ತದೆ. ಬೆರಳ ತುದಿ ಗಾಡಿಯನ್ನು ಹಿಡಿಯಲಾರದು, ಪಾದದ ಈ ಭಾಗ ಹಿಡಿಯಬಲ್ಲದು. ಸೊಂಟವನ್ನು ಎಡಕ್ಕೆ ಸರಿಸಿ ಒಂದೇ ಕಾಲು ಇಳಿಸಿದರೆ ಆ ಪಾದ ಹಿಮ್ಮಡಿಸಹಿತ ನೆಲಕ್ಕೂರುತ್ತದೆ. ರಸ್ತೆಯಲ್ಲಿ ನಿಮಗೆ ಬೇಕಾಗಿರುವುದೂ ಅಷ್ಟೇ. ಎರಡೂ ಪಾದಗಳನ್ನು ಸಪಾಟಾಗಿ ಊರಿ ಕೂರುವ ಆಸೆ ನಾವೆಲ್ಲ ಸ್ಕೂಟರಿನಲ್ಲಿ ಕಲಿತ ಅಭ್ಯಾಸ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆಯವರು 2019ರಲ್ಲಿ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟದ (ಎಫ್‌ಐಎಂ) ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದರಲ್ಲ, ಅಂಥ ರ‍್ಯಾಲಿಗಳಲ್ಲಿ ಓಡುವ ಗಾಡಿಗಳ ಸೀಟು ಸಾಮಾನ್ಯವಾಗಿ ಇದಕ್ಕಿಂತಲೂ ಎತ್ತರ. ಉದ್ದ ಕಾಲಿನವರೂ ಅವುಗಳ ಮೇಲೆ ಎರಡೂ ಹಿಮ್ಮಡಿ ಊರಿ ಕೂರುವುದು ಅಪರೂಪ.

ಇನ್ನು ತೂಕದ ಮಾತು. ಈ ಗಾಡಿ 196 ಕೆ.ಜಿ. ತೂಗುತ್ತದೆ, ನಿಮ್ಮ ತೂಕದ ಮೂರೂವರೆ ಪಟ್ಟಿಗಿಂತ ಹೆಚ್ಚು. ಕೇಳಿದರೆ ಭಯವಾಗುತ್ತದೆ. ಆದರೆ ಗಾಡಿ ನೆಟ್ಟಗಿರುವಷ್ಟು ಹೊತ್ತು ಆ ತೂಕವನ್ನು ಹೊರುವುದು ಚಕ್ರಗಳೇ ಹೊರತು ನೀವಲ್ಲ. ತೋಟದಲ್ಲಿ ಏಣಿ ಬಳಸುವವರಿಗೆ ಇದು ಗೊತ್ತು: ನೆಟ್ಟಗೆ ನಿಂತ ಏಣಿಯನ್ನು ಒಂದು ಕೈಯಲ್ಲಿ ಹಿಡಿಯಬಹುದು, ವಾಲಿತೆಂದರೆ ಇಬ್ಬರು ಬೇಕು. ಗಾಡಿಯ ಭಾರಕೇಂದ್ರ ಹ್ಯಾಂಡಲ್ಲಿನ ಅರ್ಧ ಎತ್ತರದಲ್ಲಿದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಖಾಲಿ ಗಾಡಿ 10 ಡಿಗ್ರಿ ವಾಲಿದಾಗ ಹ್ಯಾಂಡಲ್ ಮಟ್ಟದಲ್ಲಿ ತಡೆಯಲು ಸುಮಾರು 17 ಕೆ.ಜಿ.ಯಷ್ಟು ಬಲ ಸಾಕು. 20 ಡಿಗ್ರಿಗೆ 34 ಕೆ.ಜಿ. ಬೇಕು, 30 ಡಿಗ್ರಿಗೆ ಹತ್ತಿರ ಹತ್ತಿರ 50. ಮೊದಲಿನದು ನಿಮ್ಮಿಂದ ಆಗುತ್ತದೆ, ಕೊನೆಯದು ಆಗುವುದಿಲ್ಲ. ಆರಡಿ ಆಳಿಗೂ ಮೇಲೆ ಕೂತುಕೊಂಡು ಕೊನೆಯದನ್ನು ತಡೆಯುವುದು ಸುಲಭವಲ್ಲ, ಅವನಿಗೆ ಅಲ್ಲಿಗೆ ತಲುಪುವ ಮೊದಲು ಸ್ವಲ್ಪ ಹೆಚ್ಚು ಅವಕಾಶ ಸಿಗುತ್ತದೆ, ಅಷ್ಟೇ. ಗಿಡ್ಡ ಸವಾರರು ಕಲಿಯಬೇಕಾದ ವಿದ್ಯೆಯೆಲ್ಲ ಗಾಡಿಯನ್ನು ಆ ಮೊದಲ ಹತ್ತು ಡಿಗ್ರಿಯೊಳಗೆ ಇಟ್ಟುಕೊಳ್ಳುವುದರಲ್ಲಿದೆ. ತೋಳ್ಬಲದಿಂದ ಇದನ್ನು ಗೆಲ್ಲುತ್ತೇನೆಂದು ಹೊರಟವರು ಸೋಲುತ್ತಾರೆ.

ಹಣ ಕಟ್ಟುವ ಮೊದಲು ಎರಡು ಕೆಲಸ ಮಾಡಿ. ಸೀಟಿನ ಎತ್ತರದ ಜೊತೆಗೆ ಅದರ ಮೂತಿಯ ಅಗಲವನ್ನೂ ಗಮನಿಸಿ, ಏಕೆಂದರೆ ಟ್ಯಾಂಕಿನ ಹತ್ತಿರ ಸೀಟು ಅಗಲವಾಗಿದ್ದರೆ ತೊಡೆ ಹೊರಕ್ಕೆ ಬಾಗಿ ಕಾಲಿನ ಉದ್ದ ಅಲ್ಲೇ ಖರ್ಚಾಗುತ್ತದೆ. ಸೀಟು 790 ಮಿಲಿಮೀಟರ್ ಎಂದು ಬರೆದಿರುವ ಅಗಲ ಸೀಟಿನ ಗಾಡಿಗಿಂತ 805 ಎಂದು ಬರೆದಿರುವ ಸಪೂರ ಗಾಡಿ ಕಾಲಿಗೆ ಹತ್ತಿರವಾಗಬಹುದು. ಎರಡನೆಯದಾಗಿ, ಪರೀಕ್ಷಾರ್ಥ ಸವಾರಿಯನ್ನು ನಿಮ್ಮದೇ ಬೂಟು ಹಾಕಿಕೊಂಡು, ಸಾಧ್ಯವಾದರೆ ಟ್ಯಾಂಕು ತುಂಬಿದ ಗಾಡಿಯಲ್ಲಿ ಮಾಡಿ. 17 ಲೀಟರ್ ಪೆಟ್ರೋಲೆಂದರೆ ಹನ್ನೆರಡೂವರೆ ಕೆ.ಜಿ. ಆಗುತ್ತದೆ, ಅದೂ ಗಾಡಿಯ ಮೇಲ್ಭಾಗದಲ್ಲೇ ಕೂತಿರುತ್ತದೆ. ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಸೀಟು 765 ಮಿಲಿಮೀಟರ್ ಇರುವ ಮೀಟಿಯರ್ 350ರಂಥ ಗಾಡಿಯನ್ನು ನಿಮಗೆ ಸೂಚಿಸಬಹುದಿತ್ತು. ಕಾಲೇನೋ ಸರಾಗವಾಗಿ ಎಟುಕುತ್ತದೆ. ಆದರೆ ಅದರ ತೂಕ 191 ಕೆ.ಜಿ., ಹಗುರವೇನಲ್ಲ, ಮತ್ತು ಕೊರಕಲು ದಾರಿಯಲ್ಲಿ ಅದರ ಹೊಟ್ಟೆ ಕಲ್ಲಿಗೆ ಉಜ್ಜುತ್ತದೆ. ನೀವು ಹೇಳಿದ ದಾರಿಗೆ ನೀವು ಆರಿಸಿದ ಗಾಡಿಯೇ ತಕ್ಕದ್ದು. ಇದು ನಿಮ್ಮ ಮೊದಲ ಗೇರ್ ಗಾಡಿಯಾಗಿದ್ದರೆ ಮಾತ್ರ ಮೊದಲ ಕೆಲವು ತಿಂಗಳು ಯಾವುದಾದರೂ ಹಳೆಯ 150 ಸಿಸಿ ಬೈಕಿನಲ್ಲಿ ಕ್ಲಚ್ಚಿನ ಕೈ ಪಳಗಿಸಿಕೊಂಡು ಬನ್ನಿ.

ಪ್ರಶ್ನೆ: ನಾನು 5 ಅಡಿ 3 ಅಂಗುಲ. ಕ್ಲಾಸಿಕ್ 350 ಓಡಿಸುತ್ತೇನೆ. ಹೆದ್ದಾರಿಯಲ್ಲಿ ಏನೂ ತೊಂದರೆಯಿಲ್ಲ. ಆದರೆ ಹುಬ್ಬಳ್ಳಿಯೊಳಗೆ ಸಿಗ್ನಲ್ಲಿನಲ್ಲಿ ನಿಲ್ಲುವಾಗ ಈಗಾಗಲೇ ಎರಡು ಸಲ ಗಾಡಿ ಬಲಕ್ಕೆ ವಾಲಿ ಬಿದ್ದಿದೆ. ಎರಡು ಸಲವೂ ವೇಗವೇ ಇರಲಿಲ್ಲ. ಹೀಗೇಕಾಗುತ್ತದೆ?
– ಓದುಗ, ಹುಬ್ಬಳ್ಳಿ

ಉತ್ತರ: ವೇಗವಿಲ್ಲದ್ದರಿಂದಲೇ ಆಗುತ್ತದೆ. ಓಡುವ ಬೈಕು ತನ್ನನ್ನು ತಾನೇ ನೆಟ್ಟಗಿಟ್ಟುಕೊಳ್ಳುತ್ತದೆ. ನಡಿಗೆಯ ವೇಗಕ್ಕಿಂತ ಕೆಳಗಿಳಿದಾಗ ಆ ಕೆಲಸ ಸವಾರನ ಪಾಲಿಗೆ ಬರುತ್ತದೆ. ನಿಮ್ಮ ಗಾಡಿಯ ಸೀಟು 805 ಮಿಲಿಮೀಟರ್, ತೂಕ 195 ಕೆ.ಜಿ. ನಿಮ್ಮ ಕಾಲಿಗೆ ಅದು ಅಸಾಧ್ಯ ಎತ್ತರವೇನಲ್ಲ. ಎರಡು ಸಲವೂ ಬಲಕ್ಕೇ ಬಿದ್ದಿರುವುದನ್ನು ನೋಡಿದರೆ ದೋಷ ಎತ್ತರದಲ್ಲಿಲ್ಲ, ನಿಲ್ಲಿಸುವ ಕ್ರಮದಲ್ಲಿದೆ ಎಂದು ನನಗನಿಸುತ್ತದೆ.

ಗಾಡಿ ನಿಲ್ಲುತ್ತ ಬಂದಾಗ ನೆಲಕ್ಕಾಗಿ ಎರಡೂ ಕಾಲುಗಳನ್ನು ಒಟ್ಟಿಗೆ ಚಾಚುವವರು ಬಹಳ. ಹಾಗೆ ಚಾಚಿದ ಕೂಡಲೇ ಬಲಗಾಲು ಹಿಂದಿನ ಬ್ರೇಕನ್ನು ಬಿಟ್ಟಿರುತ್ತದೆ ಮತ್ತು ಉಳಿದಿರುವುದು ಮುಂದಿನ ಬ್ರೇಕ್ ಒಂದೇ. ಅದೇ ಕ್ಷಣದಲ್ಲಿ ಪಕ್ಕದ ಆಟೋ ತಪ್ಪಿಸಲೆಂದೋ, ಮುಂದಿನ ಗಾಡಿಯ ಪಕ್ಕಕ್ಕೆ ಸರಿಯಲೆಂದೋ ಹ್ಯಾಂಡಲ್ ಸ್ವಲ್ಪ ಬಲಕ್ಕೆ ತಿರುಗಿರುತ್ತದೆ. ತಿರುಗಿದ ಹ್ಯಾಂಡಲ್ಲಿಗೆ ಮುಂದಿನ ಬ್ರೇಕ್ ಒತ್ತಿದರೆ ಗಾಡಿ ಥಟ್ಟನೆ ನಿಂತು, ತಿರುಗಿದ ಕಡೆಗೇ ಬೀಳುತ್ತದೆ. ನಿಂತಲ್ಲೇ ಬಿದ್ದ ಭಾರಿ ಬೈಕುಗಳ ಕಥೆ ಕೇಳುತ್ತ ಹೋದರೆ ಮತ್ತೆ ಮತ್ತೆ ಸಿಗುವ ಕಾರಣ ಇದು. ಉದ್ದ ಕಾಲಿನವರು ಎಡವಟ್ಟಾದರೂ ಕಾಲೂರಿ ಬಚಾವಾಗುತ್ತಾರೆ, ನಮ್ಮ ಕಾಲು ನೆಲ ಹುಡುಕುವಷ್ಟರಲ್ಲಿ ವಾಲು ಹದಿನೈದು ಡಿಗ್ರಿ ದಾಟಿರುತ್ತದೆ.

ಕ್ರಮವನ್ನು ಹೀಗೆ ಬದಲಿಸಿಕೊಳ್ಳಿ. ನಿಲ್ಲುವ ಜಾಗವನ್ನು ಇಪ್ಪತ್ತು–ಮೂವತ್ತು ಮೀಟರ್ ಮೊದಲೇ ಕಣ್ಣಿನಲ್ಲಿ ಆರಿಸಿ. ಅಲ್ಲಿ ಗುಂಡಿ, ಜಲ್ಲಿ, ಎಣ್ಣೆ ಚೆಲ್ಲಿದ ಕಲೆ, ಮ್ಯಾನ್‌ಹೋಲ್ ಮುಚ್ಚಳ ಇರಬಾರದು. ಮುಂದಿನ ಬ್ರೇಕಿನಿಂದ ವೇಗ ಇಳಿಸಿ, ಕೊನೆಯ ಎರಡು ಮೂರು ಮೀಟರನ್ನು ಹಿಂದಿನ ಬ್ರೇಕೊಂದರಿಂದಲೇ ಮುಗಿಸಿ. ಆಗ ಹ್ಯಾಂಡಲ್ ನೇರವಾಗಿರಲಿ, ಕಣ್ಣು ನೆಲದ ಮೇಲಿರದೆ ದೂರದಲ್ಲಿರಲಿ. ನಿಲ್ಲುವುದಕ್ಕೆ ಅರೆಕ್ಷಣ ಮೊದಲು ಸೊಂಟವನ್ನು ಸೀಟಿನ ಎಡ ಅಂಚಿಗೆ ಜಾರಿಸಿ. ಗಾಡಿ ಎರಡು ಮೂರು ಡಿಗ್ರಿ ಎಡಕ್ಕೆ ವಾಲುತ್ತದೆ, ವಾಲಲಿ. ಯಾವ ಕಡೆಗೆ ವಾಲಬೇಕೆಂಬುದನ್ನು ಹೀಗೆ ನೀವೇ ಮೊದಲು ತೀರ್ಮಾನಿಸಿದರೆ ಗಾಡಿಗೆ ತೀರ್ಮಾನಿಸಲು ಏನೂ ಉಳಿಯುವುದಿಲ್ಲ. ಎಡಗಾಲು ಇಳಿಯಲಿ, ಬಲಗಾಲು ಬ್ರೇಕ್ ಮೇಲೇ ಇರಲಿ. ಸಿಗ್ನಲ್ ಹಸಿರಾದಾಗ ಕ್ಲಚ್ ಹಿಡಿತಕ್ಕೆ ಬಂದು ಗಾಡಿ ಮುಂದಕ್ಕೆಳೆಯುವುದು ತಿಳಿದ ಮೇಲೆ ಬ್ರೇಕ್ ಬಿಡಿ. ಇಷ್ಟಾದರೆ ಸಿಗ್ನಲ್ಲಿನಲ್ಲಿ ಬಲಗಾಲಿಗೆ ನೆಲದ ಅಗತ್ಯವೇ ಬರುವುದಿಲ್ಲ.

ಒಂದು ವಿಷಯವನ್ನು ಚಾಲನಾ ತರಬೇತಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಮಳೆನೀರು ಹರಿದುಹೋಗಲೆಂದು ನಮ್ಮ ರಸ್ತೆಗಳನ್ನು ಅಂಚಿನ ಕಡೆಗೆ ಇಳಿಜಾರಾಗಿ ಮಾಡಿರುತ್ತಾರೆ. ನಾವು ಎಡಗಡೆ ಸಾಗುವವರು, ಹಾಗಾಗಿ ಎಡ ಅಂಚಿಗೆ ಹೋದಷ್ಟೂ ಎಡಗಾಲಿಗೆ ನೆಲ ದೂರವಾಗುತ್ತದೆ, ಡಾಂಬರು ಮುಗಿದು ಮಣ್ಣಿಗೆ ಇಳಿಯುವಲ್ಲಂತೂ ಒಮ್ಮೆಗೇ ಗೇಣುದ್ದ ಕೆಳಗೆ ಹೋಗಬಹುದು. ಅಂಚಿಗೆ ಅಂಟಿಕೊಂಡು ನಿಲ್ಲುವ ವಿನಯ ಗಿಡ್ಡ ಸವಾರರಿಗೆ ದುಬಾರಿ. ಕಾರುಗಳ ಎಡಚಕ್ರ ಓಡಿ ನುಣುಪಾದ ಜಾಡಿನಲ್ಲಿ ನಿಲ್ಲಿ.

ಖಾಲಿ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಕಾಲಿಳಿಸದೆ ನಡಿಗೆಯ ವೇಗದಲ್ಲಿ ಓಡಿಸುವುದನ್ನು ಅಭ್ಯಾಸ ಮಾಡಿ: ಮೊದಲ ಗೇರ್, ಹಾಫ್ ಕ್ಲಚ್, ಆಕ್ಸಿಲರೇಟರ್ ಒಂದೇ ಸಮ, ವೇಗವನ್ನು ಹಿಂದಿನ ಬ್ರೇಕಿನಿಂದ ಹದ ಮಾಡುವುದು. ಹಾಫ್ ಕ್ಲಚ್ಚಿನಿಂದ ಪ್ಲೇಟು ಸವೆಯುವುದಿಲ್ಲವೇ ಎಂದು ಕೇಳುವಿರಿ. ಕಾರಿನದು ಒಣ ಕ್ಲಚ್, ನಿಮ್ಮ ಬೈಕಿನದು ಎಣ್ಣೆಯಲ್ಲಿ ಮುಳುಗಿರುವ ಕ್ಲಚ್. ಅರ್ಧ ಗಂಟೆಯ ಅಭ್ಯಾಸವನ್ನು ಅದು ತಡೆದುಕೊಳ್ಳುತ್ತದೆ, ನಡುನಡುವೆ ತಣಿಯಲು ಬಿಟ್ಟರಾಯಿತು. ಕಾಲು ಇಳಿಸುವ ಸಂದರ್ಭಗಳೇ ಕಡಿಮೆಯಾದರೆ ಕಾಲಿನ ಉದ್ದದ ಚಿಂತೆಯೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಪ್ರಶ್ನೆ: ನನ್ನ ಅಡ್ವೆಂಚರ್ ಬೈಕನ್ನು ತಗ್ಗಿಸಲು ಲೋವರಿಂಗ್ ಲಿಂಕ್ (ಹಿಂದಿನ ಸಸ್ಪೆನ್ಷನ್ನಿನ ಮೂಲ ಕೊಂಡಿಯ ಬದಲಿಗೆ ಹಾಕುವ ಬೇರೆ ಅಳತೆಯ ಕೊಂಡಿ) ಹಾಕಿಸಿಕೊಳ್ಳಿ ಎಂದು ಗೆಳೆಯರು ಹೇಳುತ್ತಾರೆ. ಗ್ಯಾರೇಜಿನವರು ಒಂದೇ ಗಂಟೆಯ ಕೆಲಸ ಎನ್ನುತ್ತಾರೆ. ಹಾಕಿಸಬಹುದೇ? ಸೀಟಿನ ಸ್ಪಂಜು ಕತ್ತರಿಸುವುದು ಇದಕ್ಕಿಂತ ಒಳ್ಳೆಯದೇ?
– ಓದುಗ, ಬೆಂಗಳೂರು

ಉತ್ತರ: ಸೀಟಿನಿಂದ ಆರಂಭಿಸಿ. ಲಿಂಕ್ ಕೊನೆಗಿರಲಿ. ಗ್ಯಾರೇಜಿನವರು ಹೇಳಿದ ಒಂದು ಗಂಟೆ ಲಿಂಕ್ ಬಿಗಿಯುವುದಕ್ಕೆ ಮಾತ್ರ, ಅದರಿಂದ ಹುಟ್ಟುವ ಉಳಿದ ಕೆಲಸದ ಲೆಕ್ಕವನ್ನು ಅವರು ಹೇಳಿಲ್ಲ.

ಲಿಂಕ್ ಬದಲಿಸಿದಾಗ ಗಾಡಿಯ ಹಿಂಭಾಗ ಮಾತ್ರ ಕುಸಿಯುತ್ತದೆ. ಮುಂಭಾಗ ಹಾಗೆಯೇ ಎತ್ತರದಲ್ಲಿ ಉಳಿಯುವುದರಿಂದ ಮುಂದಿನ ಫೋರ್ಕ್ ಇನ್ನಷ್ಟು ಓರೆಯಾಗಿ, ತಿರುವುಗಳಲ್ಲಿ ಹ್ಯಾಂಡಲ್ ಮಂದವಾಗುತ್ತದೆ ಮತ್ತು ಹೆಡ್‌ಲೈಟ್ ಎದುರಿಗೆ ಬರುವವರ ಕಣ್ಣಿಗೆ ಹೊಡೆಯುತ್ತದೆ. ಸರಿಪಡಿಸಲು ಫೋರ್ಕ್ ಕೊಳವೆಗಳನ್ನು ಕ್ಲಾಂಪಿನಲ್ಲಿ ಅಷ್ಟೇ ಲೆಕ್ಕದಲ್ಲಿ ಮೇಲಕ್ಕೆ ಸರಿಸಬೇಕು. ಸರಿಸಿದ ಮೇಲೆ ಫೋರ್ಕ್ ಪೂರ್ತಿ ಒತ್ತಿಕೊಂಡಾಗ ಮಡ್‌ಗಾರ್ಡ್ ಎಲ್ಲಿಗೂ ಬಡಿಯುವುದಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹೆಚ್ಚಿನವರು ಮರೆಯುವುದು ಸೈಡ್ ಸ್ಟ್ಯಾಂಡ್. ಗಾಡಿ ತಗ್ಗಿದಾಗ ಸ್ಟ್ಯಾಂಡಿನ ಉದ್ದ ತಗ್ಗುವುದಿಲ್ಲ. ಎಡಕ್ಕೆ ಒರಗಿ ನಿಲ್ಲಬೇಕಾದ ಗಾಡಿ ಆಗ ಬಹುತೇಕ ನೆಟ್ಟಗೆ ನಿಲ್ಲುತ್ತದೆ, ಯಾರೋ ಪಕ್ಕದಲ್ಲಿ ಹಾದುಹೋಗುವಾಗ ಬ್ಯಾಗು ತಾಗಿಸಿದರೂ ಬಲಕ್ಕೆ ಮಗುಚುತ್ತದೆ. ಬೀಳಬಾರದೆಂದು ಮಾಡಿಸಿದ ಕೆಲಸದಿಂದಲೇ ಗಾಡಿ ಬೀಳುವುದೆಂದರೆ ಇದು. ಸ್ಟ್ಯಾಂಡನ್ನು ಕತ್ತರಿಸಿ ಬೆಸುಗೆ ಹಾಕಿಸಬೇಕಾಗುತ್ತದೆ. ಸೆಂಟರ್ ಸ್ಟ್ಯಾಂಡ್ ಇದ್ದರೆ ಗಾಡಿಯನ್ನು ಅದರ ಮೇಲೇರಿಸಲು ಮೊದಲಿಗಿಂತ ಹೆಚ್ಚು ಎತ್ತಬೇಕಾಗುತ್ತದೆ. ನೆಲದಿಂದಿರುವ ಅಂತರ ಕಡಿಮೆಯಾಗಿ ಹಂಪುಗಳಿಗೆ ಹೊಟ್ಟೆ ತಾಗಲಾರಂಭಿಸಿದರೆ ಅಡ್ವೆಂಚರ್ ಬೈಕು ಕೊಂಡ ಉದ್ದೇಶದ ಒಂದು ಪಾಲು ಅಲ್ಲಿಗೇ ಹೋಯಿತು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಸೀಟಿನ ಸ್ಪಂಜಿಗೆ ಇದು ಅಡ್ಡಿಯಾಗುತ್ತದೆಂದು ನನಗನಿಸುವುದಿಲ್ಲ. ಆದರೆ ಸಸ್ಪೆನ್ಷನ್ನಿಗೆ ಕೈ ಹಾಕುವ ಮೊದಲು ವಾರಂಟಿ ಮತ್ತು ವಿಮೆಯ ಷರತ್ತುಗಳನ್ನು ಓದಿ, ಸಂದೇಹವಿದ್ದರೆ ಲಿಖಿತವಾಗಿ ಕೇಳಿ.

ಸೀಟಿನ ಕೆಲಸಕ್ಕೆ ಹೋಗುವಾಗ ಕಂಪನಿಯ ಸೀಟನ್ನು ಕತ್ತರಿಸಬೇಡಿ. ಇನ್ನೊಂದು ಸೀಟು ಕೊಂಡು ಅದನ್ನು ಕುಶನ್ ಅಂಗಡಿಗೆ ಒಯ್ಯಿರಿ. ಅಂಗಡಿಯವರು ಸಾಮಾನ್ಯವಾಗಿ ಮೇಲಿನಿಂದ ಸಪಾಟಾಗಿ ಕೊಯ್ಯಲು ಹೊರಡುತ್ತಾರೆ. ಅದಕ್ಕಿಂತ ಮುಂಭಾಗದ ಎರಡೂ ಬದಿಯ ಏಣುಗಳನ್ನು ಇಳಿಜಾರಾಗಿ ಕೆತ್ತಿಸುವುದು ಹೆಚ್ಚು ಫಲ ಕೊಡುತ್ತದೆ. ತೊಡೆ ನೇರ ಕೆಳಗಿಳಿದು, ಕೂರುವ ಜಾಗದ ಮೆತ್ತೆ ಉಳಿದುಕೊಳ್ಳುತ್ತದೆ. ಮೇಲಿನಿಂದ ತೆಗೆಸುವುದಿದ್ದರೂ 20–25 ಮಿಲಿಮೀಟರಿಗಿಂತ ಹೆಚ್ಚು ಬೇಡ, ಅದನ್ನು ಮೀರಿದರೆ ಬೆರಳಿನಿಂದ ಒತ್ತಿದಾಗ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಸಿಗುತ್ತದೆ. ಬೆರಳಿಗೆ ಸಿಕ್ಕಿದ್ದು ತುಮಕೂರು ದಾಟುವಷ್ಟರಲ್ಲಿ ಮೂಳೆಗೂ ಸಿಗುತ್ತದೆ. ರೆಗ್ಜಿನ್ ಹೊಲಿಸುವ ಮೊದಲು, ಸ್ಪಂಜಿನ ಮೇಲೆ ಬಟ್ಟೆ ಸುತ್ತಿ ಒಂದು ಸುತ್ತು ಓಡಿಸಿ ನೋಡಲು ಅಂಗಡಿಯವರನ್ನು ಒಪ್ಪಿಸಿ. ಒಮ್ಮೆ ಹೊಲಿದ ಮೇಲೆ ತಿದ್ದಲು ಅವರಿಗೆ ಮನಸ್ಸಿರುವುದಿಲ್ಲ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ, ವಯಸ್ಸು 61. ಎತ್ತರ ಕಡಿಮೆ, ಮೊಣಕಾಲೂ ಮೊದಲಿನಂತಿಲ್ಲ. ಹಳೆಯ ಹಿಮಾಲಯನ್ 411 ಇದೆ. ಒಬ್ಬನೇ ಹೋಗುವಾಗ ಗಾಡಿ ಬಿದ್ದರೆ ಎತ್ತುವುದು ಹೇಗೆ?
– ಓದುಗ, ಸಾಗರ

ಉತ್ತರ: ಎತ್ತುವ ಮೊದಲು ಮಾಡಬೇಕಾದ ಕೆಲಸಗಳಿವೆ, ಅವಮಾನದ ಆತುರದಲ್ಲಿ ಅವನ್ನು ಬಿಟ್ಟುಬಿಡುವವರೇ ಹೆಚ್ಚು. ಎಂಜಿನ್ ಓಡುತ್ತಿದ್ದರೆ ಕಿಲ್ ಸ್ವಿಚ್ಚಿನಿಂದ ನಿಲ್ಲಿಸಿ, ಕೀಲಿ ತಿರುಗಿಸಿ. ಪೆಟ್ರೋಲ್ ಸೋರುತ್ತಿದೆಯೇ ನೋಡಿ. ಗಾಡಿ ಗೇರಿನಲ್ಲಿದ್ದರೆ ಹಾಗೇ ಇರಲಿ, ಎತ್ತುವಾಗ ಉರುಳುವುದಿಲ್ಲ. ಬಲಕ್ಕೆ ಬಿದ್ದಿದ್ದರೆ ಈಗಲೇ ಸುತ್ತಿ ಬಂದು ಸೈಡ್ ಸ್ಟ್ಯಾಂಡ್ ಬಿಚ್ಚಿಡಿ, ಇಲ್ಲದಿದ್ದರೆ ಎತ್ತಿದ ಗಾಡಿ ನಿಮ್ಮ ಕೈ ದಾಟಿ ಆಚೆ ಕಡೆಗೆ ಬೀಳುತ್ತದೆ. ಎಡಕ್ಕೆ ಬಿದ್ದಿದ್ದರೆ ಸ್ಟ್ಯಾಂಡು ಗಾಡಿಯ ಅಡಿಯಲ್ಲಿರುತ್ತದೆ, ನೆಟ್ಟಗೆ ಬಂದ ಮೇಲೆ ಹಿಮ್ಮಡಿಯಿಂದ ಇಳಿಸಬೇಕು. ಸಾಮಾನು ಕಟ್ಟಿದ್ದರೆ ಬಿಚ್ಚಿ ಪಕ್ಕಕ್ಕಿಡಿ.

ನಿಮ್ಮ ಗಾಡಿಯ ತೂಕ 199 ಕೆ.ಜಿ. ಹ್ಯಾಂಡಲ್ ಹಿಡಿದು ಮುಂದಕ್ಕೆ ಬಗ್ಗಿ ಎತ್ತಲು ಹೋದರೆ ಸೊಂಟ ಹಿಡಿಯುವುದು ಖಂಡಿತ. ಗಾಡಿಗೆ ಬೆನ್ನು ಮಾಡಿ, ಸೀಟಿನ ಅಂಚಿಗೆ ಪೃಷ್ಠ ಒರಗಿಸಿ ಕುಕ್ಕುರು ಕೂರಿ. ಹ್ಯಾಂಡಲ್ಲನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ನೆಲದ ಬದಿಯ ಹಿಡಿಯನ್ನು ಒಂದು ಕೈಯಲ್ಲಿ, ಹಿಂದಿನ ಕ್ಯಾರಿಯರ್ ಕಂಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿಯಿರಿ. ತೋಳು ನೇರವಾಗಿರಲಿ, ಬೆನ್ನೂ ನೇರವಾಗಿರಲಿ. ಇನ್ನು ಕಾಲಿನಿಂದ ನೆಲವನ್ನು ಒತ್ತಿ ದೂಡುತ್ತ, ಹೆಬ್ಬೆರಳುದ್ದದ ಹೆಜ್ಜೆಗಳಲ್ಲಿ ಹಿಂದಕ್ಕೆ ಸರಿಯಿರಿ. ಮೊದಲ ಭಾಗ ಕಷ್ಟ, ಅರ್ಧ ದಾಟಿದ ಮೇಲೆ ಸುಲಭ. ಕೊನೆಯಲ್ಲಿ ರಭಸ ಬೇಡ. ಲೆಗ್ ಗಾರ್ಡ್ ಹಾಕಿಸಿದ್ದರೆ ಗಾಡಿ ಪೂರ್ತಿ ಮಲಗದೆ ಓರೆಯಾಗಿಯೇ ನಿಲ್ಲುವುದರಿಂದ ಆ ಮೊದಲ ಕಷ್ಟದ ಭಾಗ ಸಾಕಷ್ಟು ತಪ್ಪುತ್ತದೆ. ನಿಮ್ಮ ಮೊಣಕಾಲಿನ ದೃಷ್ಟಿಯಿಂದ ಅದು ಅಲಂಕಾರವಲ್ಲ, ಅಗತ್ಯ.

ಇಂಧನ ಇಂಜೆಕ್ಷನ್ ಇರುವ ಗಾಡಿಗಳಲ್ಲಿ ಮಗುಚಿದ್ದನ್ನು ಗುರುತಿಸುವ ಸೆನ್ಸರ್ ಸಾಮಾನ್ಯವಾಗಿ ಎಂಜಿನ್ನನ್ನು ತಡೆದಿರುತ್ತದೆ. ಎತ್ತಿದ ಮೇಲೆ ಸ್ಟಾರ್ಟ್ ಆಗದಿದ್ದರೆ ಗಾಬರಿಯಾಗದೆ ಕೀಲಿಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಗೇರ್ ಲಿವರ್ ಒಳಕ್ಕೆ ಬಾಗಿದೆಯೇ, ಬ್ರೇಕ್ ಲಿವರ್ ಸರಾಗವಾಗಿ ಮರಳುತ್ತದೆಯೇ ಎಂದು ನೋಡದೆ ಹೊರಡಬೇಡಿ. ಸುತ್ತಮುತ್ತ ಜನರಿದ್ದರೆ ಮಾತ್ರ ಈ ವಿದ್ಯೆಯನ್ನೆಲ್ಲ ಬದಿಗಿಟ್ಟು ಒಬ್ಬರನ್ನು ಕರೆಯಿರಿ. ಮಲೆನಾಡಿನ ರಸ್ತೆಯಲ್ಲಿ ಬಿದ್ದ ಬೈಕು ಕಂಡು ನಿಲ್ಲದೆ ಹೋಗುವವರು ಕಡಿಮೆ.

ಪ್ರಶ್ನೆ: ಗೆಳತಿಯರೊಂದಿಗೆ ಮಂಗಳೂರಿನಿಂದ ಆಗುಂಬೆಗೆ ಹೋಗುವ ಯೋಚನೆಯಿದೆ. ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದು ನಿಲ್ಲಬೇಕಾಗಿ ಬಂದರೆ ಕಾಲು ಸಿಗದೆ ಬೀಳುವೆನೆಂಬ ಹೆದರಿಕೆ. ಏನು ಮಾಡಲಿ?
– ಓದುಗಿ, ಮಂಗಳೂರು

ಉತ್ತರ: ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಮತ್ತು ನಿಮ್ಮ ಹೆದರಿಕೆ ಸರಿಯಾದ ಜಾಗಕ್ಕೇ ಬೊಟ್ಟು ಮಾಡುತ್ತದೆ. ಏರುವಾಗ ಎಡಕ್ಕೆ ತಿರುಗುವ ಹೇರ್‌ಪಿನ್ನುಗಳೇ ಗಿಡ್ಡ ಸವಾರರಿಗೆ ಕಠಿಣ. ತಿರುವಿನ ಒಳಭಾಗ ಹೆಚ್ಚು ಕಡಿದಾಗಿರುತ್ತದೆ, ರಸ್ತೆಯೂ ಒಳಕ್ಕೆ ವಾಲಿರುತ್ತದೆ, ಅಂದರೆ ನಿಮ್ಮ ಎಡಗಾಲು ಇಳಿಯಬೇಕಾದ ಕಡೆಯೇ ನೆಲ ಆಳದಲ್ಲಿರುತ್ತದೆ. ಆದ್ದರಿಂದ ತಿರುವಿನ ಮಧ್ಯೆ ನಿಲ್ಲುವ ಪ್ರಸಂಗವನ್ನೇ ತಪ್ಪಿಸಿ. ತಿರುವು ಬರುವ ಮೊದಲು ತಲೆಯೆತ್ತಿ ಮೇಲಿನ ಸುತ್ತನ್ನು ನೋಡಿ. ಬಸ್ಸು ಇಳಿಯುತ್ತಿರುವುದು ಕಂಡರೆ, ಅಥವಾ ಹಾರ್ನ್ ಕೇಳಿದರೆ, ತಿರುವಿಗೆ ಮೊದಲೇ ನೇರ ರಸ್ತೆಯಲ್ಲಿ ನಿಂತು ಅದನ್ನು ಹೋಗಲು ಬಿಡಿ. ಗುಡ್ಡದ ಕಡಿದಾದ ರಸ್ತೆಗಳಲ್ಲಿ ಏರುವ ವಾಹನಕ್ಕೆ ಆದ್ಯತೆ ಎಂದು ನಿಯಮ ಹೇಳುತ್ತದೆ. ನಿಯಮ ನಿಮ್ಮ ಪರವಾಗಿದೆಯೆಂದು ಬಸ್ಸಿನೆದುರು ಪರೀಕ್ಷಿಸಲು ಹೋಗಬೇಡಿ.

ಏರಿನಲ್ಲಿ ನಿಲ್ಲಲೇಬೇಕಾದಾಗ ಹಿಂದಿನ ಬ್ರೇಕಿನಿಂದಲೇ ಹಿಡಿದು ನಿಲ್ಲಿ. ಏರುವ ಗಾಡಿಯ ಭಾರ ಹಿಂದಿನ ಚಕ್ರದ ಮೇಲಿರುತ್ತದೆ, ಮುಂದಿನ ಚಕ್ರ ಹಗುರವಾಗಿರುತ್ತದೆ. ಮುಂದಿನ ಬ್ರೇಕೊಂದನ್ನೇ ನಂಬಿದರೆ ಜಲ್ಲಿಯ ಮೇಲೆ ಚಕ್ರ ಉರುಳದೆಯೇ ಹಿಂದಕ್ಕೆ ಜಾರಬಹುದು. ಹಿಡಿತ ತಪ್ಪುತ್ತಿದೆ ಅನಿಸಿದರೆ ಒಂದು ಉಪಾಯವಿದೆ: ಮೊದಲ ಗೇರಿನಲ್ಲಿದ್ದಂತೆಯೇ ಕಿಲ್ ಸ್ವಿಚ್ಚಿನಿಂದ ಎಂಜಿನ್ ನಿಲ್ಲಿಸಿ ಕ್ಲಚ್ಚನ್ನು ನಿಧಾನವಾಗಿ ಬಿಡಿ. ನಿಂತ ಎಂಜಿನ್ನೇ ಹಿಂದಿನ ಚಕ್ರಕ್ಕೆ ಬ್ರೇಕಾಗುತ್ತದೆ. ಎರಡೂ ಕಾಲಿಗೆ ಬಿಡುವು ಸಿಗುತ್ತದೆ, ಉಸಿರು ತೆಗೆದುಕೊಂಡು ಸೈಡ್ ಸ್ಟ್ಯಾಂಡ್ ಹಾಕಿ ಇಳಿಯಲೂಬಹುದು. ಗಾಡಿಯನ್ನು ಮನೆಯ ಮುಂದಿನ ಏರಿನಲ್ಲಿ ಹೀಗೆ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡು ಹೋಗಿ.

ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರದು. ಮಳೆಗಾಲದಲ್ಲಿ ಮತ್ತು ಅದು ಮುಗಿದ ಕೆಲವು ವಾರಗಳವರೆಗೂ ರಸ್ತೆಯ ಅಂಚಿನಲ್ಲಿ ಪಾಚಿ ಇರುತ್ತದೆ. ಕಾಲು ಎಟುಕಿದರೂ ಅಲ್ಲಿ ನಿಲ್ಲುವುದಿಲ್ಲ. ಹಾಗೆಯೇ ವ್ಯೂ ಪಾಯಿಂಟಿನಲ್ಲಾಗಲಿ ಹೋಟೆಲಿನ ಮುಂದಾಗಲಿ ಗಾಡಿಯ ಮೂತಿಯನ್ನು ಇಳಿಜಾರಿನ ಕಡೆಗೆ ಮಾಡಿ ನಿಲ್ಲಿಸಬೇಡಿ, ಹಿಂದಕ್ಕೆ ಎಳೆಯಲು ಬೆರಳ ತುದಿಯಲ್ಲಿ ಬಲವಿರುವುದಿಲ್ಲ. ಹಿಂದೆ ಸರಿಸುವ ಕೆಲಸ ಬಂದರೆ ಸಂಕೋಚಪಡದೆ ಇಳಿದು, ಎಡಗಡೆ ನಿಂತು, ಟ್ಯಾಂಕು ಸೀಟುಗಳ ಸಂಧಿಯನ್ನು ಸೊಂಟಕ್ಕೆ ಒರಗಿಸಿಕೊಂಡು, ಬಲಗೈ ಮುಂದಿನ ಬ್ರೇಕ್ ಮೇಲಿಟ್ಟು ನಡೆಸಿಕೊಂಡು ಹೋಗಿ. ಗಾಡಿ ನಿಮ್ಮ ಕಡೆಗೇ ತುಸು ವಾಲಿರಲಿ. ಆಚೆಗೆ ವಾಲಿದರೆ ಹಿಡಿಯಲಾಗುವುದಿಲ್ಲ.

ಪ್ರಶ್ನೆ: ಎತ್ತರದ ಬೈಕಿಗೆ ಹತ್ತುವುದೇ ನನಗೆ ಕಷ್ಟ. ಎಡ ಫುಟ್‌ರೆಸ್ಟ್ ಮೇಲೆ ಕಾಲಿಟ್ಟು ಹತ್ತಬಹುದೇ?
– ಓದುಗಿ, ದಾವಣಗೆರೆ

ಉತ್ತರ: ಗಟ್ಟಿ ನೆಲದ ಮೇಲೆ, ಗಾಡಿ ಮೊದಲ ಗೇರಿನಲ್ಲಿದ್ದು ಅಲುಗದಂತಿದ್ದರೆ ಆಗಬಹುದು. ಆದರೆ ಆ ಕ್ಷಣದಲ್ಲಿ ಗಾಡಿಯ ಜೊತೆ ನಿಮ್ಮ ಭಾರವನ್ನೂ ಸೈಡ್ ಸ್ಟ್ಯಾಂಡ್ ಹೊರುತ್ತದೆ. ದಿನವೂ ಹಾಗೆ ಮಾಡಿದರೆ ಅದರ ಬೋಲ್ಟು ಸಡಿಲವಾಗುತ್ತದೆ, ಹಸಿ ಮಣ್ಣಿನಲ್ಲಂತೂ ಸ್ಟ್ಯಾಂಡೇ ಇಳಿದುಹೋಗುತ್ತದೆ. ನಿಮ್ಮ ಗಾಡಿಯ ಕೈಪಿಡಿ ಇದನ್ನು ಬೇಡವೆಂದಿದ್ದರೆ ಬೇಡ. ಬಲಗಾಲನ್ನು ಮಡಚಿ, ಮೊಣಕಾಲನ್ನು ಮೊದಲು ಸೀಟಿನ ಮೇಲೆ ಹಾಯಿಸಿ ಆಮೇಲೆ ಪಾದವನ್ನು ದಾಟಿಸುವುದು ಹೆಚ್ಚು ಸುರಕ್ಷಿತ. ಹಿಂದೆ ಸಾಮಾನಿನ ಪೆಟ್ಟಿಗೆ ಇರುವವರಿಗೂ ಇದೇ ದಾರಿ.

ಪ್ರಶ್ನೆ: ಎತ್ತರದ ಬೈಕಿನಲ್ಲಿ ತಾಯಿಯವರನ್ನು ಹಿಂದೆ ಕೂರಿಸಿಕೊಂಡು ಹೋಗಬೇಕಾಗುತ್ತದೆ. ಸೀರೆ ಉಡುವುದರಿಂದ ಅವರು ಒಂದೇ ಬದಿಗೆ ಕಾಲು ಹಾಕಿ ಕೂರುತ್ತಾರೆ. ನನ್ನ ಕಾಲು ಅರ್ಧ ಮಾತ್ರ ಎಟುಕುತ್ತದೆ. ಏನಾದರೂ ಮುನ್ನೆಚ್ಚರಿಕೆ?
– ಓದುಗ, ಹಾಸನ

ಉತ್ತರ: ಸಾಧ್ಯವಾದರೆ ಆ ಪ್ರಯಾಣಕ್ಕೆ ಬೇರೆ ವಾಹನ ಬಳಸಿ. ಒಂದೇ ಬದಿಗೆ ಕೂತವರ ಭಾರ ಗಾಡಿಯನ್ನು ಸದಾ ಎಡಕ್ಕೆ ಎಳೆಯುತ್ತಿರುತ್ತದೆ, ನಿಂತಾಗ ಅಷ್ಟನ್ನೂ ನಿಮ್ಮ ಎಡಗಾಲೊಂದೇ ತಡೆಯಬೇಕು. ಅನಿವಾರ್ಯವಾದರೆ ನೀವು ಮೊದಲು ಹತ್ತಿ, ಗಾಡಿಯನ್ನು ನೆಟ್ಟಗೆ ಮಾಡಿ, ಬಲಗಾಲಿನಿಂದ ಬ್ರೇಕ್ ಒತ್ತಿ ‘ಈಗ ಹತ್ತಿ ಅಮ್ಮ’ ಎಂದ ಮೇಲೆಯೇ ಅವರು ಹತ್ತಬೇಕು. ಇಳಿಯುವಾಗ ಅವರೇ ಮೊದಲು, ಅದೂ ನೀವು ಹೇಳಿದ ಮೇಲೆ. ಜಗಲಿಕಟ್ಟೆಯೋ ಮೆಟ್ಟಿಲೋ ಗಾಡಿಯ ಎಡಗಡೆಗೆ ಬರುವಂತೆ ನಿಲ್ಲಿಸಿಕೊಂಡರೆ ಹತ್ತುವಾಗ ಅವರು ನಿಮ್ಮ ಹೆಗಲನ್ನು ಹಿಡಿದು ಜಗ್ಗಬೇಕಾಗುವುದಿಲ್ಲ. ನಿಮ್ಮ ಎಡಪಾದವನ್ನು ಅದೇ ಕಟ್ಟೆಯ ಮೇಲೆ ಊರಲೂಬಹುದು. ಹಿಂದಿನ ಶಾಕ್ ಅಬ್ಸಾರ್ಬರ್‌ನ ಸ್ಪ್ರಿಂಗನ್ನು ನಿಮ್ಮೊಬ್ಬರಿಗಾಗಿ ಪೂರ್ತಿ ಸಡಿಲಿಸಿಟ್ಟಿದ್ದರೆ ಆ ದಿನ ಎರಡು ಹಂತ ಬಿಗಿ ಮಾಡಿಕೊಳ್ಳಿ. ಇಲ್ಲದಿದ್ದರೆ ಹಂಪು ಹಾರಿದಾಗ ಅದು ತಳಕ್ಕೆ ಬಡಿಯುತ್ತದೆ. ಸೆರಗು ಚಕ್ರಕ್ಕೆ ಸಿಗದಂತೆ ಮುಂದಕ್ಕೆ ತಂದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆಯೇ ಎಂದು ಹೊರಡುವ ಮೊದಲು ನೋಡಿ, ಅವರಿಗೂ ಹೆಲ್ಮೆಟ್ ಹಾಕಿಸಿ.